ತೊಂಬತ್ತು ನಿಮಿಷದ ಸಾಲು

ಆ ಹೈಸ್ಕೂಲಿನ ಕಂಪ್ಯೂಟರ್ ಕೋಣೆಯಲ್ಲಿ ಒಟ್ಟು ಹದಿನಾಲ್ಕು ಕಂಪ್ಯೂಟರುಗಳು. ಹದಿಮೂರನ್ನು ಯಾರು ಬೇಕಾದರೂ ಮುಟ್ಟಬಹುದು. ಮೂಲೆಯ ಹದಿನಾಲ್ಕನೆಯದಕ್ಕೆ ಮಾತ್ರ ಬಿಳಿ ನೂಲಿನ ಕ್ರೋಶಾ ಹೊದಿಕೆ ಇತ್ತು, ಹೊದಿಕೆಗೆ ಪಿನ್ನು ಚುಚ್ಚಿ ಒಂದು ಚೀಟಿ ಇತ್ತು: ‘ಎಮಿಲಿಯಾ ಟೀಚರನ್ನು ಕೇಳದೆ ಮುಟ್ಟಬಾರದು.’ ಚೀಟಿ ಬರೆದವರೂ ಎಮಿಲಿಯಾ ಟೀಚರೇ. ಕಾರಡ್ಕದ ಕಡೆಯ ಆ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತಿದ್ದವರು ಅವರು. ಅವರನ್ನು ಒಂದು ಮಾತು ಕೇಳದೆ ಹೆಡ್ ಮಾಷ್ಟ್ರು ಹರಿನಾಥರು ರಜೆ ಸಾರಲಿಕ್ಕೂ ಹಿಂದೆಮುಂದೆ ನೋಡುತ್ತಿದ್ದರು ಎಂದ ಮೇಲೆ ಕಂಪ್ಯೂಟರಿನ ಮಾತೇನು.

ಆ ಹಳೆಯ ಪೆಟ್ಟಿಗೆಯೊಳಗೆ ಇದ್ದದ್ದು ಕಲೋತ್ಸವ. ಸುತ್ತಿನ ಹನ್ನೆರಡು ಶಾಲೆಗಳ ಮಕ್ಕಳು ವರ್ಷಕ್ಕೊಮ್ಮೆ ಒಂದು ಕಡೆ ಸೇರಿ ಹಾಡುವ, ಕುಣಿಯುವ, ಪದ್ಯ ಹೇಳುವ, ಯಕ್ಷಗಾನ ಆಡುವ ದಿನ. ನಾನೂರು ಮಕ್ಕಳು, ಐದು ವೇದಿಕೆ, ಒಂದೇ ಹಗಲು. ಮೊದಲೆಲ್ಲ ವೇಳಾಪಟ್ಟಿಯನ್ನು ಕಾಗದದ ಮೇಲೆ ಪೆನ್ಸಿಲಿನಲ್ಲಿ ಮಾಡುತ್ತಿದ್ದರು. ಒಂದೇ ಹುಡುಗಿಯ ಹೆಸರನ್ನು ಮೂರು ವೇದಿಕೆಯಲ್ಲಿ ಒಟ್ಟಿಗೆ ಕೂಗುವುದು, ಅವಳ ತಾಯಿ ಬಂದು ಮೂರೂ ವೇದಿಕೆಯವರ ಗ್ರಹಚಾರ ಬಿಡಿಸುವುದು ವಾಡಿಕೆಯಾಗಿತ್ತು. ೨೦೦೧ರಲ್ಲಿ ಎಮಿಲಿಯಾ ಟೀಚರ್ ಇದಕ್ಕೊಂದು ಗತಿ ಕಾಣಿಸುತ್ತೇನೆಂದು ಹಟ ತೊಟ್ಟರು. ನಲವತ್ತೊಂದನೆಯ ವಯಸ್ಸಿನಲ್ಲಿ ಪ್ರತಿ ಶನಿವಾರ ಬಸ್ಸು ಹತ್ತಿ ಕಾಸರಗೋಡಿಗೆ ಹೋಗಿ, ಹದಿನೆಂಟರ ಮಕ್ಕಳ ನಡುವೆ ಬೆಂಚಿನಲ್ಲಿ ಕೂತು, ಆಗ ಎಲ್ಲರ ಬಾಯಲ್ಲಿದ್ದ ವಿಷುವಲ್ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತರು. ವರ್ಷ ಕಳೆಯುವಷ್ಟರಲ್ಲಿ ಪ್ರೋಗ್ರಾಮ್ ತಯಾರಾಯಿತು. ಅಲ್ಲಿಂದ ಎಂಟು ಕಲೋತ್ಸವ ಕಳೆದಿದ್ದವು. ಪ್ರತಿ ವರ್ಷ ಅವರು ಕಾರ್ಯಕ್ರಮ ಸಮಿತಿಯ ಕೋಣೆಯಲ್ಲಿ ಚಾಯ, ಗೋಳಿಬಜೆ ಎದುರಿಟ್ಟುಕೊಂಡು ಮಹಾರಾಣಿಯ ಹಾಗೆ ಕೂರುತ್ತಿದ್ದರು. ಹನ್ನೆರಡು ಶಾಲೆಯವರೂ ಬಾಗಿಲಲ್ಲಿ ನಿಂತು ‘ಟೀಚರೇ, ನಮ್ಮದು ಎಷ್ಟು ಹೊತ್ತಿಗೆ?’ ಎಂದು ಕೇಳುತ್ತಿದ್ದರು. ಆ ಸುಖ ಅವರಿಗೆ ಬಹಳ ಇಷ್ಟವಾಗಿತ್ತು. ಇಷ್ಟವಾಗಿರಲಿಲ್ಲ ಎಂದು ನಾನು ಹೇಳಿದರೆ ನೀವು ನಂಬಲೂಬಾರದು.

ಇದರ ನಡುವೆ ಶಶಾಂಕ ಮಾಷ್ಟ್ರು ಬಂದರು. ದೇಲಂಪಾಡಿಯ ಹುಡುಗ, ಇಪ್ಪತ್ತೇಳರ ಪ್ರಾಯ, ಭೌತಶಾಸ್ತ್ರದ ಮಾಷ್ಟ್ರು. ಮಾತು ಮೆತ್ತಗೆ, ಪಟ್ಟು ಗಟ್ಟಿ.

“ಟೀಚರೇ, ಪೈಥಾನ್ ಅಂತ ಹೊಸ ಭಾಷೆ ಉಂಟಲ್ಲ, ಕಲೋತ್ಸವದ ಪ್ರೋಗ್ರಾಮನ್ನು ಅದರಲ್ಲಿ ಬರೆದರೆ ಹೇಗೆ?” ಎಂದು ಮೊದಲ ವರ್ಷವೇ ಕೇಳಿದರು.

“ಹೆಬ್ಬಾವಾ? ಎಂಟು ವರ್ಷ ಸಾಕಿದ ನನ್ನ ಕೂಸನ್ನು ಹೆಬ್ಬಾವಿಗೆ ಕೊಡಬೇಕಾ ಮಾಷ್ಟ್ರೆ?” ಎಂದು ಎಮಿಲಿಯಾ ಟೀಚರ್ ನಕ್ಕರು. ಸ್ಟಾಫ್ ರೂಮೂ ನಕ್ಕಿತು. ಶಶಾಂಕರೂ ನಕ್ಕು, ಎರಡು ತಿಂಗಳು ಬಿಟ್ಟು ಮತ್ತೆ ಕೇಳಿದರು. ಮಳೆಗಾಲ ಕಳೆಯಲಿ ಎಂದರು ಟೀಚರ್. ಮಳೆಗಾಲ ಕಳೆಯಿತು. ಪರೀಕ್ಷೆ ಮುಗಿಯಲಿ ಎಂದರು. ಪರೀಕ್ಷೆ ಮುಗಿದಾಗ ಜನಗಣತಿಯ ಕೆಲಸ ಬಂತು, ಅದಕ್ಕೆ ಟೀಚರ್ ಮನಸ್ಸಿನಲ್ಲೇ ಸರಕಾರಕ್ಕೆ ಕೈಮುಗಿದರು.

ಆದರೆ ಹದಿನಾಲ್ಕನೆಯ ಕಂಪ್ಯೂಟರಿಗೆ ಈ ರಾಜಕೀಯ ಗೊತ್ತಾಗಬೇಕಲ್ಲ. ೨೦೧೦ರ ಜೂನಿನಲ್ಲಿ ಶಾಲೆ ತೆರೆದಾಗ ಅದು ಚಾಲೂ ಆಗಬೇಕಾದರೆ ಬಲಗಡೆಗೆ ಎರಡು ಪೆಟ್ಟು ಕೊಡಬೇಕಾಗಿತ್ತು, ಆಮೇಲೆ ಒಂದು ಚಾಯ ಕುಡಿದು ಬರುವಷ್ಟು ಹೊತ್ತು ಕಾಯಬೇಕಾಗಿತ್ತು. ಉಳಿದ ಹದಿಮೂರಕ್ಕೆ ಹೊಸ ವ್ಯವಸ್ಥೆ ಬಂದು ವರ್ಷಗಳಾಗಿದ್ದವು. ಅವುಗಳಲ್ಲಿ ಟೀಚರ ಪ್ರೋಗ್ರಾಮ್ ಓಡುತ್ತಲೇ ಇರಲಿಲ್ಲ. ಈ ಒಂದು ಪೆಟ್ಟಿಗೆ ಕಣ್ಣುಮುಚ್ಚಿದರೆ ಕಲೋತ್ಸವವೂ ಅದರ ಜತೆ ಹೋದ ಹಾಗೆ. ಸಾಲದ್ದಕ್ಕೆ ಈ ಸಲ ಕಲೋತ್ಸವ ನಡೆಯುವುದು ಇದೇ ಶಾಲೆಯಲ್ಲಿ.

“ಹಳತಾ, ಹೊಸತಾ, ಎರಡರಲ್ಲಿ ಒಂದು ಹೇಳಿಬಿಡಿ ಟೀಚರೇ” ಎಂದರು ಹರಿನಾಥ ಮಾಷ್ಟ್ರು. “ಬುಧವಾರ ಸಮಿತಿಯ ಮೀಟಿಂಗ್ ಉಂಟು. ನೀವು ಹೇಳಿದ್ದೇ ಕೊನೆ.”

ನಿಜ ಹೇಳಬೇಕೆಂದರೆ ಎಮಿಲಿಯಾ ಟೀಚರಿಗೆ ಹೆದರಿಕೆಯಾಗಿತ್ತು. ಹೊಸ ಭಾಷೆ ಕೆಟ್ಟದಿರಬಹುದು ಎಂಬ ಹೆದರಿಕೆ ಅಲ್ಲ, ಚೆನ್ನಾಗಿಯೇ ಇರಬಹುದು ಎಂಬ ಹೆದರಿಕೆ. ನಿವೃತ್ತಿಗೆ ಇನ್ನು ಐದು ವರ್ಷ. ಒಂದು ಭಾಷೆ ಕಲಿಯಲು ಒಂದು ಇಡೀ ವರ್ಷದ ಶನಿವಾರಗಳನ್ನು ತೆತ್ತವರಿಗೆ ಇನ್ನೊಂದನ್ನು ಕಲಿಯುವ ತ್ರಾಣ ಎಲ್ಲಿಂದ ಬರಬೇಕು? ಕಲಿಯದಿದ್ದರೆ ಬಾಗಿಲಲ್ಲಿ ನಿಂತವರು ‘ಟೀಚರೇ’ ಎನ್ನುವುದಿಲ್ಲ, ‘ಮಾಷ್ಟ್ರೆ’ ಎನ್ನುತ್ತಾರೆ. ತನಗೆ ಗೋಳಿಬಜೆಯ ತಟ್ಟೆ ಮಾತ್ರ ಉಳಿಯುತ್ತದೆ.

ಆದರೂ ಗಣಿತದ ಟೀಚರಲ್ಲವೇ, ಉತ್ತರ ಕಾಣದೆ ಅಂಕ ಕಡಿತ ಮಾಡುವವರಲ್ಲ. “ಹೋದ ವರ್ಷದ ಹೆಸರುಗಳನ್ನು ಎರಡಕ್ಕೂ ಕೊಡುವ. ಯಾವುದರ ಪಟ್ಟಿ ಒಳ್ಳೆದೋ ಅದು” ಎಂದು ತಾವೇ ಪಂಥ ಕಟ್ಟಿದರು.

ಸೋಮವಾರ ಸಂಜೆ ಶಾಲೆ ಬಿಟ್ಟ ಮೇಲೆ ಪರೀಕ್ಷೆ ನಡೆಯಿತು. ಹದಿನಾಲ್ಕನೆಯದು ನಲವತ್ತು ನಿಮಿಷ ಗೊರಗುಟ್ಟಿ ಪಟ್ಟಿ ಕೊಟ್ಟಿತು: ಕೊನೆಯ ಸ್ಪರ್ಧೆ ಮುಗಿಯುವುದು ಸಂಜೆ ಆರಕ್ಕೆ. ಶಶಾಂಕರ ಪ್ರೋಗ್ರಾಮ್ ಟೀಚರ್ ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಪಟ್ಟಿ ಮುಂದಿಟ್ಟಿತು: ನಾಲ್ಕೂವರೆಗೇ ಮುಕ್ತಾಯ. ಯಾವ ಮಗುವಿಗೂ ಎರಡು ಸ್ಪರ್ಧೆ ಒಟ್ಟಿಗೆ ಬಿದ್ದಿರಲಿಲ್ಲ. ಒಂದು ವೇದಿಕೆಯಿಂದ ಇನ್ನೊಂದಕ್ಕೆ ನಡೆದು ಹೋಗಲು ಹದಿನೈದು ನಿಮಿಷ ಬಿಟ್ಟದ್ದೂ ಸರಿಯಾಗಿಯೇ ಇತ್ತು. ಅದೂ ಅಲ್ಲದೆ ಮಕ್ಕಳ ಹೆಸರೆಲ್ಲ ಚಂದದ ಕನ್ನಡದಲ್ಲಿ ಬಂದಿದ್ದವು. ಟೀಚರ ಹಳೆಯ ಪಟ್ಟಿಯಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ.

“ಒಂದೂವರೆ ಗಂಟೆ ಉಳಿಕೆ!” ಎಂದು ಹರಿನಾಥ ಮಾಷ್ಟ್ರು ಕುಣಿಯುವುದೊಂದು ಬಾಕಿ.

ಶಶಾಂಕರು ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಟೀಚರ ಹಳೆಯ ಸಾಲುಗಳನ್ನು ಓದುತ್ತಿದ್ದರು. “ಟೀಚರೇ, ಇಲ್ಲೊಂದು ಸಾಲು ನನಗೆ ಅರ್ಥ ಆಗ್ಲಿಲ್ಲ. ಸ್ಪರ್ಧೆಗೆ ‘ಎಸ್’ ಅಂತ ಗುರುತು ಇದ್ದರೆ, ಮುಗಿಯುವ ಹೊತ್ತಿಗೆ ತೊಂಬತ್ತು ನಿಮಿಷ ಕೂಡಿಸು ಅಂತ ಉಂಟು. ಇದು ಎಂತಕ್ಕೆ? ಪಕ್ಕದಲ್ಲಿ ವಿವರ ಎಂತದೂ ಬರೆದಿಲ್ಲ.”

ಎಮಿಲಿಯಾ ಟೀಚರ್ ಸಾಲನ್ನು ನೋಡಿದರು. ಬರೆದದ್ದು ತಾನೇ. ಯಾಕೆ ಬರೆದದ್ದು ಎಂಬುದು ಸುತರಾಂ ನೆನಪಿಗೆ ಬರಲಿಲ್ಲ. ವಿವರ ಬರೆಯುವ ಅಭ್ಯಾಸ ಅವರಿಗೆ ಇರಲೇ ಇಲ್ಲ. ತಾನು ಬರೆದದ್ದು ತನಗೆ ಮರೆಯುತ್ತದೆಯೇ ಎಂಬ ಧೈರ್ಯ. ಈಗ ಹೆಡ್ ಮಾಷ್ಟ್ರ ಎದುರು ‘ನನಗೆ ಗೊತ್ತಿಲ್ಲ’ ಎನ್ನುವುದೇ? ಅದೂ ಸೋತ ದಿನವೇ?

“ಎಸ್ ಅಂದರೆ ಸ್ಟೇಜಾ?” ಎಂದು ಶಶಾಂಕರೇ ದಾರಿ ತೋರಿಸಿದರು. “ಆದರೆ ಸ್ಟೇಜ್ ತಯಾರು ಮಾಡುವ ಹೊತ್ತಿಗೆ ಬೇರೆಯೇ ಸಾಲು ಉಂಟಲ್ಲ.”

“ಹೂಂ, ಸ್ಟೇಜೇ” ಎಂದರು ಟೀಚರ್ ಥಟ್ಟನೆ. “ಎರಡೆರಡು ಸಲ ಬಿದ್ದಿದೆ. ಅದು ಬೇಡ, ಬಿಟ್ಟುಬಿಡಿ.”

ಬುಧವಾರದ ಮೀಟಿಂಗಿನಲ್ಲಿ ಅವರೇ ಎದ್ದು ನಿಂತು, ಈ ವರ್ಷದಿಂದ ಹೊಸ ಭಾಷೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತನಗೋ ಶಶಾಂಕರಿಗೋ ಎಂದು ಅವರಿಗೆ ತಿಳಿಯಲಿಲ್ಲ.

ಕಲೋತ್ಸವದ ದಿನ ಹೂಬಿಸಿಲು. ಅಂಗಳದ ತುಂಬ ಮಕ್ಕಳು, ತಾಯಂದಿರು, ಮಲ್ಲಿಗೆ, ಗೆಜ್ಜೆ, ಐದು ಮೈಕುಗಳ ಗಲಾಟೆ. ಒಂದು ಕಡೆ ಒಪ್ಪನ ಕುಣಿತದ ಹುಡುಗಿಯರು ಕೈತಟ್ಟುತ್ತಿದ್ದರೆ ಇನ್ನೊಂದು ಕಡೆ ಸಂಸ್ಕೃತದ ಶ್ಲೋಕ. ಮಧ್ಯಾಹ್ನದವರೆಗೆ ವೇಳಾಪಟ್ಟಿ ಎಣ್ಣೆ ಹಾಕಿದ ಚಕ್ರದ ಹಾಗೆ ಉರುಳಿತು. ಜನ ಬಾಗಿಲಲ್ಲಿ ನಿಂತು ‘ಮಾಷ್ಟ್ರೆ, ನಮ್ಮದು ಎಷ್ಟು ಹೊತ್ತಿಗೆ?’ ಎನ್ನತೊಡಗಿದಾಗ ಎಮಿಲಿಯಾ ಟೀಚರ್ ಗೋಳಿಬಜೆ ಮುಟ್ಟದೆ, ಸ್ವಲ್ಪ ಗಾಳಿಗೆ ಹೋಗುತ್ತೇನೆಂದು ಅಂಗಳಕ್ಕೆ ಇಳಿದರು.

ಗೇಟಿನ ಹತ್ತಿರ ಐಸ್ ಕ್ಯಾಂಡಿ ಚೀಪುತ್ತಿದ್ದ ಎರಡು ಸಣ್ಣ ಮಕ್ಕಳು ಕಿಟಾರನೆ ಕಿರುಚಿ ಓಡಿದವು. ಟೀಚರ್ ತಿರುಗಿ ನೋಡುತ್ತಾರೆ, ಸಾಕ್ಷಾತ್ ಮಹಿಷಾಸುರ! ಮುಖಕ್ಕೆ ಕೆಂಪು, ಕಪ್ಪು, ಕೆನ್ನೆಯ ಉದ್ದಕ್ಕೆ ಅಕ್ಕಿಹಿಟ್ಟಿನ ಬಿಳಿ ಮುಳ್ಳು, ಒಂದು ಕೈಯಲ್ಲಿ ಕೋಡು, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ವೇಷದ ನೆರಿಗೆ. ಅಂಗಳದ ನಡುವೆ ಅಳುತ್ತ ಓಡಿ ಬರುತ್ತಿದ್ದ.

“ಟೀಚರೇ!” ಎಂದು ಮಹಿಷಾಸುರ ಹುಡುಗಿಯ ಧ್ವನಿಯಲ್ಲಿ ಕೂಗಿದ. ಹತ್ತನೆಯ ಕ್ಲಾಸಿನ ದೀಪಶ್ರೀ! “ಯಕ್ಷಗಾನ ಈಗ ಮುಗಿದದ್ದಷ್ಟೆ ಟೀಚರೇ. ಕನ್ನಡ ಪದ್ಯಕ್ಕೆ ಎರಡನೇ ವೇದಿಕೆಯಲ್ಲಿ ಕರೀತಿದ್ದಾರೆ. ಒಂದು ಕರೆ ಆಯಿತು, ಮೂರು ಕರೆ ಆದ್ರೆ ಹೆಸರು ಹೊಡೆದುಹಾಕ್ತಾರೆ. ಹತ್ತು ಮಂದಿಗೆ ಒಂದೇ ನಳ್ಳಿ. ಎಣ್ಣೆ ಹಚ್ಚಿದ್ರೂ ಬಣ್ಣ ಹೋಗುದಿಲ್ಲ!”

ಎಮಿಲಿಯಾ ಟೀಚರ್ ನಿಂತಲ್ಲೇ ನಿಂತರು. ಎಂಟು ವರ್ಷ ಮುಚ್ಚಿದ್ದ ಬಾಗಿಲು ದಡಾರನೆ ತೆರೆಯಿತು. ಎಸ್! ಸ್ಟೇಜೂ ಅಲ್ಲ, ಗೀಜೂ ಅಲ್ಲ. ಶಾರನ್!

ಪ್ರೋಗ್ರಾಮ್ ಬಂದ ಮೊದಲನೆಯ ವರ್ಷ. ಒಂಬತ್ತನೆಯ ಕ್ಲಾಸಿನ ಶಾರನ್ ಎಂಬ ಹುಡುಗಿ ಯಕ್ಷಗಾನ ಮುಗಿಸಿ, ಅರ್ಧ ಮುಖ ತೊಳೆದು, ಹಾಡಿಗೆ ಓಡಿಬಂದಾಗ ಹೆಸರು ಹೋಗಿಯಾಗಿತ್ತು. ಒಂದು ಕೆನ್ನೆ ಕೆಂಪು, ಒಂದು ಕೆನ್ನೆ ತನ್ನದೇ ಬಣ್ಣ. ಟೀಚರ ಸೆರಗಿಗೆ ಮುಖವಿಟ್ಟು ಅತ್ತಿದ್ದಳು. ಆ ಬಣ್ಣ ಸೀರೆಯಿಂದ ಕೊನೆಗೂ ಹೋಗಲಿಲ್ಲ. ಅದೇ ಸಂಜೆ ಟೀಚರ್ ತನ್ನ ಮೇಲೆಯೇ ಸಿಟ್ಟಾಗಿ ಯಕ್ಷಗಾನಕ್ಕೂ ಕಥಕಳಿಗೂ ಅವಳ ಹೆಸರಿನ ಮೊದಲಕ್ಷರ ಗುರುತು ಹಾಕಿ, ತೊಂಬತ್ತು ನಿಮಿಷದ ಸಾಲು ಸೇರಿಸಿದ್ದರು. ಬಣ್ಣ ತೆಗೆಯುವ ಹೊತ್ತು ಅದು.

“ಸಾಯ್ಬಾ ಭೊಗೊಸ್!” ಎಂದು ಮನೆಮಾತಿನಲ್ಲಿ ದೇವರ ಕ್ಷಮೆ ಕೇಳಿ ಟೀಚರ್ ಸೀರೆ ಎತ್ತಿ ಓಡಿದರು. ಅವರು ಓಡುವುದನ್ನು ಶಾಲೆ ಅವತ್ತೇ ನೋಡಿದ್ದು.

ಈ ಸಲ ಸಮಿತಿಯ ಕೋಣೆಯಾಗಿದ್ದ ಕಂಪ್ಯೂಟರ್ ಕೋಣೆಯಲ್ಲಿ ಆಗಲೇ ಗದ್ದಲ. ಎರಡನೇ ವೇದಿಕೆ ನೋಡಿಕೊಳ್ಳುತ್ತಿದ್ದ ಡ್ರಿಲ್ ಮಾಷ್ಟ್ರು ಜಯಪಾಲರು, ಕೊರಳಲ್ಲಿ ವಿಸಿಲ್ ತೂಗುತ್ತಾ, ಮೇಜು ಕುಟ್ಟುತ್ತಿದ್ದರು. “ಪದ್ಯಕ್ಕೆ ಹುಡುಗಿ ಇಲ್ಲ. ಆಮೇಲೆ ಜಾನಪದ ನೃತ್ಯಕ್ಕೆ ನಾಲ್ಕು ಮಂದಿ ಇಲ್ಲ. ಎಲ್ಲ ನಳ್ಳಿಯ ಹತ್ತಿರ ಬಣ್ಣ ತಿಕ್ಕುತ್ತಾ ಉಂಟು! ಇದು ಎಂತ ಟೈಮ್ ಟೇಬಲ್ ಮಾರಾಯ್ರೆ?”

ಶಶಾಂಕರ ಮುಖ ಬಿಳಿಚಿಕೊಂಡಿತ್ತು. ಹರಿನಾಥ ಮಾಷ್ಟ್ರು ಬೆವರು ಒರೆಸಿಕೊಳ್ಳುತ್ತಾ ಹೇಳಿದರು: “ನಾನು ಅವತ್ತೇ ಹೇಳಬೇಕೆಂದಿದ್ದೆ. ಹೊಸತು ಹೊಸತು ಅಂತ ಕುಣಿದದ್ದು ಸಾಕು. ಎಂಟು ವರ್ಷ ಟೀಚರ ಪ್ರೋಗ್ರಾಮಿನಲ್ಲಿ ಒಂದು ದಿನ ಹೀಗಾದದ್ದುಂಟಾ? ಟೀಚರೇ, ಮುಂದಿನ ವರ್ಷದಿಂದ ನಿಮ್ಮದೇ. ಕಂಪ್ಯೂಟರ್ ರಿಪೇರಿಗೆ ಪಿ.ಟಿ.ಎ.ಯಲ್ಲಿ ನಾನು ಮಾತಾಡ್ತೇನೆ.”

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಚಾಯ, ಗೋಳಿಬಜೆ, ಬಾಗಿಲಲ್ಲಿ ನಿಲ್ಲುವ ಹನ್ನೆರಡು ಶಾಲೆ, ನಿವೃತ್ತಿಯವರೆಗಿನ ಐದೂ ಕಲೋತ್ಸವ, ಎಲ್ಲ ತಾನಾಗಿ ಮಡಿಲಿಗೆ ಬಂದು ಬಿದ್ದಿತ್ತು. ಎಮಿಲಿಯಾ ಟೀಚರ್ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದರು. ಆ ಒಂದು ಉಸಿರಿಗಾಗಿ ಮುಂದಿನ ಭಾನುವಾರ ಇಗರ್ಜಿಯಲ್ಲಿ ಪ್ರತ್ಯೇಕ ಪ್ರಾರ್ಥನೆ ಮಾಡಿದರಂತೆ.

“ತಪ್ಪು ನನ್ನದು” ಎಂದರು. ಧ್ವನಿ ಕ್ಲಾಸಿನಲ್ಲಿ ಕೇಳುವಷ್ಟೇ ಗಟ್ಟಿಯಾಗಿತ್ತು. “ಬಣ್ಣ ತೆಗೀಲಿಕ್ಕೆ ಹೊತ್ತು ಬೇಕು ಅಂತ ನಾನೇ ಒಂದು ಸಾಲು ಬರೆದಿದ್ದೆ. ಯಾಕೆ ಬರೆದದ್ದು ಅಂತ ಮರೆತು ಹೋಗಿತ್ತು. ಶಶಾಂಕ ಮಾಷ್ಟ್ರು ಕೇಳಿದ್ರು. ಗೊತ್ತಿಲ್ಲ ಅಂತ ಹೇಳಲಿಕ್ಕೆ ನಾಚಿಕೆಯಾಗಿ, ಬೇಡ ಬಿಟ್ಟುಬಿಡಿ ಅಂತ ಸುಳ್ಳು ಹೇಳಿದೆ. ಅವರದ್ದು ಎಂತದೂ ತಪ್ಪಿಲ್ಲ, ಅವರ ಭಾಷೆಯದ್ದೂ ಇಲ್ಲ.”

ಹರಿನಾಥ ಮಾಷ್ಟ್ರ ಕರ್ಚೀಫು ಹಣೆಯ ಮೇಲೇ ನಿಂತಿತು. ಹೊರಗೆ ಮೈಕು ಒದರಿತು: “ಕನ್ನಡ ಪದ್ಯ, ಚೆಸ್ಟ್ ನಂಬರ್ ಇನ್ನೂರ ಹದಿನಾಲ್ಕು, ಎರಡನೇ ಕರೆ.”

“ಮತ್ತೆ ಎಂತ ನೋಡ್ತೀರಿ? ಆ ಸಾಲು ಹಾಕಿ ಮಾಷ್ಟ್ರೆ!” ಎಂದರು ಟೀಚರ್.

ಶಶಾಂಕರು ಕುರ್ಚಿಯಿಂದ ಎದ್ದರು. “ನೀವೇ ಕೂತ್ಕೊಳ್ಳಿ ಟೀಚರೇ. ಯಾವ್ಯಾವುದಕ್ಕೆ ಬಣ್ಣ ಅಂತ ನಿಮಗಲ್ವಾ ಗೊತ್ತಿರುವುದು.”

“ನನಗೆ ನಿಮ್ಮ ಹೆಬ್ಬಾವು ಓದಲಿಕ್ಕೆ ಬರುದಿಲ್ಲ.”

“ಒಮ್ಮೆ ನೋಡಿ.”

ಅವರು ಕೂತು ನೋಡಿದರು. ಈ ಸ್ಪರ್ಧೆಯಾದರೆ ಹೀಗೆ ಮಾಡು, ಅಲ್ಲದಿದ್ದರೆ ಹಾಗೆ ಮಾಡು. ಮಗು ಬಿಡುವಾಗುವ ಹೊತ್ತು, ವೇದಿಕೆ ಬಿಡುವಾಗುವ ಹೊತ್ತು, ಎರಡೂ ಬೇರೆ ಬೇರೆ. ಅರೆ, ಇದು ತಾನು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವ ಹಾಗೆಯೇ ಉಂಟಲ್ಲ! ಊರು ಬೇರೆಯಾದರೂ ದಾರಿ ಕೇಳಿದರೆ ಹೇಳುವ ಜನ ಇದ್ದ ಹಾಗೆ ಅವರಿಗೆ ಸಲೀಸಾಯಿತು.

“ತೊಂಬತ್ತನ್ನು ಮಗುವಿನ ಹೊತ್ತಿಗೆ ಮಾತ್ರ ಕೂಡಿಸಬೇಕು” ಎಂದರು, ಅರ್ಧ ತನಗೆ, ಅರ್ಧ ಶಶಾಂಕರಿಗೆ. “ನಾನು ಹಳೆಯದರಲ್ಲಿ ವೇದಿಕೆಯನ್ನೂ ಸುಮ್ಮನೆ ಕಾಯಿಸ್ತಾ ಇದ್ದೆ. ಅದಕ್ಕೇ ಆರು ಗಂಟೆ ಆಗ್ತಿದ್ದದ್ದು! ಎಂಟು ವರ್ಷ ಗೊತ್ತೇ ಆಗಲಿಲ್ಲ ನೋಡಿ.”

ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಒಂದು ಕಡೆ ಚಿಹ್ನೆ ತಪ್ಪಿತು, ಶಶಾಂಕರು ಬೆರಳು ತೋರಿಸಿದರು. ಮತ್ತೆ ಓಡಿಸಿದಾಗ ಪ್ರಿಂಟರು ಹೊಸ ಪಟ್ಟಿಯನ್ನು ಹೊರಗೆ ನೂಕಿತು. ಬಣ್ಣದ ಮಕ್ಕಳ ಉಳಿದ ಸ್ಪರ್ಧೆಗಳೆಲ್ಲ ಮಧ್ಯಾಹ್ನ ಎರಡರ ನಂತರ. ಎಲ್ಲ ಮುಗಿಯುವುದು ನಾಲ್ಕೂ ಮುಕ್ಕಾಲಿಗೆ. ಜಯಪಾಲರು ಅದನ್ನು ಕಸಿದುಕೊಂಡು, ವಿಸಿಲ್ ಊದುತ್ತಾ, ಫುಟ್ಬಾಲ್ ಫೈನಲಿನ ರೆಫರಿಯ ಹಾಗೆ ಮೆಟ್ಟಿಲಿಳಿದು ಹಾರಿದರು. ಮೂರನೇ ಕರೆ ‘ಕನ್ನಡ ಪದ್ಯ, ಚೆಸ್ಟ್ ನಂಬರ್’ ಎಂಬಲ್ಲಿಯವರೆಗೆ ಬಂದಿತ್ತು. ವಿಸಿಲಿನ ಹೊಡೆತಕ್ಕೆ ಅಲ್ಲೇ ನಿಂತಿತು. ಮಹಿಷಾಸುರ ವೇದಿಕೆಯ ಪಕ್ಕ ಕೋಡು ಎತ್ತಿ ಕುಣಿದುಬಿಟ್ಟ. ಅದಕ್ಕೆ ಸಿಕ್ಕಿದಷ್ಟು ಚಪ್ಪಾಳೆ ಅವತ್ತು ಇನ್ನಾವುದಕ್ಕೂ ಸಿಕ್ಕಲಿಲ್ಲ.

“ನನಗಾದರೂ ಹೊಳೆಯಬೇಕಿತ್ತು” ಎಂದು ಶಶಾಂಕರು ತಲೆ ಕೆರೆದುಕೊಂಡರು. “ನನ್ನ ಸೋದರಮಾವ ಮೂವತ್ತು ವರ್ಷದಿಂದ ವೇಷಧಾರಿ. ಬಣ್ಣ ತೆಗೀಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ಮನೆಯಲ್ಲಿ ಅತ್ತೆ ದಿನಾ ಬಯ್ಯುತ್ತಾರೆ.” ಟೀಚರ್ ನಕ್ಕರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ.

ಕೋಣೆ ಖಾಲಿಯಾದ ಮೇಲೆ ಅವರು ಮತ್ತೆ ಆ ಸಾಲಿನ ಎದುರು ಕೂತರು. “ಮಾಷ್ಟ್ರೆ, ಇದರ ಪಕ್ಕದಲ್ಲಿ ವಿವರವನ್ನು ಕನ್ನಡದಲ್ಲೇ ಬರೆಯಬಹುದಾ?”

“ಧಾರಾಳ ಬರೀರಿ ಟೀಚರೇ. ಅದಕ್ಕೆ ಎಂತ ತೊಂದರೆಯೂ ಇಲ್ಲ.” ಕನ್ನಡದ ಕೀಲಿಗಳು ಎಲ್ಲೆಲ್ಲಿ ಎಂದು ತೋರಿಸಿಕೊಟ್ಟು ಶಶಾಂಕರು ಊಟಕ್ಕೆ ಹೋದರು.

ಎಮಿಲಿಯಾ ಟೀಚರ್ ನಿಧಾನಕ್ಕೆ ಒತ್ತಿದರು: ‘ಎಮಿಲಿಯಾ ಟೀಚರನ್ನು ಕೇಳದೆ ಮುಟ್ಟಬಾರದು.’ ತನ್ನ ಹೆಸರು ಕನ್ನಡದಲ್ಲಿ ಪರದೆಯ ಮೇಲೆ ಮೂಡಿದ್ದನ್ನು ಕಂಡು ಎಳೆಯ ಮಗುವಿನ ಹಾಗೆ ಹಿಗ್ಗಿದರು. ಸ್ವಲ್ಪ ಹೊತ್ತು ನೋಡುತ್ತಾ ಕೂತರು. ಐದು ವರ್ಷ ಕಳೆದ ಮೇಲೆ ಕೇಳಲು ತಾನಿಲ್ಲಿ ಇರುವುದಿಲ್ಲ. ಇದ್ದಾಗ ಕೇಳಿದವರಿಗೇ ತಾನು ಸುಳ್ಳು ಹೇಳಿದ್ದಾಯಿತು. ಅವರು ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು. ಅದರ ಜಾಗದಲ್ಲಿ ಬರೆದರು:

‘ಯಕ್ಷಗಾನ, ಕಥಕಳಿ ಮಕ್ಕಳಿಗೆ ಬಣ್ಣ ತೆಗೆಯಲು ಒಂದೂವರೆ ಗಂಟೆ ಬೇಕು. ೨೦೦೨ರಲ್ಲಿ ಶಾರನ್ ಎಂಬ ಹುಡುಗಿಗೆ ಹಾಡಲು ಆಗಲಿಲ್ಲ. ಇನ್ನು ಯಾರಿಗೂ ಹಾಗಾಗಬಾರದು.’

ಕಿಟಕಿಯ ಆಚೆ ಎರಡನೇ ವೇದಿಕೆಯ ಮೈಕು ಕರೆಯಿತು: ಕನ್ನಡ ಪದ್ಯ, ಚೆಸ್ಟ್ ನಂಬರ್ ಇನ್ನೂರ ಹದಿನಾಲ್ಕು. ತೊಳೆದ ಮುಖದ, ಕಿವಿಯ ಹಿಂದೆ ಇನ್ನೂ ಒಂದಿಷ್ಟು ಕೆಂಪು ಉಳಿದ ದೀಪಶ್ರೀ ಕೈಮುಗಿದು ನಿಂತಳು. ಎಮಿಲಿಯಾ ಟೀಚರ್ ಎದ್ದು ಮೂಲೆಗೆ ಹೋಗಿ, ಹದಿನಾಲ್ಕನೆಯ ಕಂಪ್ಯೂಟರಿನ ಹೊದಿಕೆಯಿಂದ ಪಿನ್ನು ಬಿಡಿಸಿ, ಚೀಟಿಯನ್ನು ಮಡಚಿ ಬ್ಯಾಗಿನಲ್ಲಿ ಹಾಕಿಕೊಂಡರು. ಆಮೇಲೆ ತಣ್ಣಗಾದ ಗೋಳಿಬಜೆ ಒಂದನ್ನು ಕೈಯಲ್ಲಿ ಹಿಡಿದು ಪದ್ಯ ಕೇಳಲಿಕ್ಕೆ ಕೆಳಗಿಳಿದರು.